ಬಂಡೆ ಹತ್ತುವವರು ಬಂಡೆಯನ್ನು ಉಳಿಸಿಕೊಂಡ ಬಗೆ: ನನ್ನ ಅನುಭವ

ತಮಿಳುನಾಡಿನ ಹೊಸೂರಿನಿಂದ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದೂರದಲ್ಲಿರುವ ನಮ್ಮೂರಿನ ಬಂಡೆ ಇಂದಿಗೂ ಇದ್ದಲ್ಲೇ ಇದೆ. 2024ರ ಕೊನೆಯಲ್ಲಿ ಹೊರಬಂದ ಕಲ್ಲು ಕೋರೆಗಳ ಟೆಂಡರ್ ಪಟ್ಟಿಯಲ್ಲಿ ಅದರ ಸರ್ವೆ ನಂಬರು ಇರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ನಾವು ಐದು ಜನ ಈ ಕೆಲಸಕ್ಕೆ ಕೈಹಾಕಿದಾಗ, ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ಹುಡುಗರ ಮಾತಿಗೆ ಯಾವ ಕಚೇರಿಯೂ ಕಿವಿಗೊಡುವುದಿಲ್ಲವೆಂದು ಊರಿನವರಲ್ಲದೆ ಬೆಂಗಳೂರಿನ ನಮ್ಮ ಕ್ಲೈಂಬಿಂಗ್ ಗೆಳೆಯರೂ ಹೇಳಿದ್ದರು. ಅದೇ ದಾರಿಯಲ್ಲಿ ಹೊರಟಿರುವ ಬೇರೆ ಊರುಗಳ ಕ್ಲೈಂಬರುಗಳಿಗೆ ಉಪಯೋಗವಾಗಲಿ ಎಂದು ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ ಬರೆದವು. ಒಂದಷ್ಟು ಆಚೀಚೆ ಇರಬಹುದು.

ಬಂಡೆಯ ಹರವು ಸುಮಾರು ಒಂಬತ್ತು ಎಕರೆ. ಪೂರ್ವದ ಬದಿ ನಯವಾದ ಹಾಸುಬಂಡೆಯಾದರೆ ಪಶ್ಚಿಮದ ಬದಿಯಲ್ಲಿ ನಲವತ್ತು ಮೀಟರ್ ಎತ್ತರದ ನೆಟ್ಟನೆಯ ಗೋಡೆಯಿದ್ದು, ಅದರಲ್ಲಿ ಕೈಮುಷ್ಟಿ ಹಿಡಿಯುವಷ್ಟು ಅಗಲದ ಒಂದು ಉದ್ದನೆಯ ಸೀಳಿದೆ. ನೆತ್ತಿಯಲ್ಲಿ ಮೂರು ದೊಣೆಗಳಿವೆ. ಕಂದಾಯ ಇಲಾಖೆಯ ಭೂದಾಖಲೆಯಾದ ಎ ರಿಜಿಸ್ಟರಿನಲ್ಲಿ ಈ ಜಾಗ 'ಕಲ್ಲಾಂಗುತ್ತು' ಪೊರಂಬೋಕು ಎಂದು ದಾಖಲಾಗಿದೆ. ಈ ಸೀಮೆಯವರಿಗೆ ಆ ಒಂದು ಪದದ ಅಪಾಯ ಗೊತ್ತು. ಕಲ್ಲಲ್ಲದೆ ಬೇರೇನೂ ಇಲ್ಲದ ಸರ್ಕಾರಿ ಜಾಗವೆಂದು ಬರೆದ ಮೇಲೆ ಅದು ಕೋರೆಯ ಹರಾಜಿಗೆ ಸಿದ್ಧವಾಗಿರುವ ಜಾಗವೆಂದೇ ಲೆಕ್ಕ. 2022ರ ಆಗಸ್ಟ್ ಮೊದಲ ವಾರದಲ್ಲಿ ಇಬ್ಬರು ಜಿಪಿಎಸ್ ಹಿಡಿದು ಬಂದು ಬಂಡೆಯ ನಾಲ್ಕು ಮೂಲೆಗಳಿಗೆ ಬಿಳಿ ಬಣ್ಣದ ಗುರುತು ಹಾಕಿ ಹೋದರು. ಎಂ-ಸ್ಯಾಂಡ್ ಕ್ರಷರಿಗೆ ಕಲ್ಲು ಬೇಕಾಗಿದೆ ಎಂಬ ಸುದ್ದಿ ಅದೇ ಸಂಜೆ ಚಹಾ ಅಂಗಡಿಗೆ ಬಂದಿತ್ತು.

ಮೊದಲ ಸೋಲು ನಮ್ಮ ತಪ್ಪಿನಿಂದಲೇ ಆಯಿತು. ಬೆಂಗಳೂರಿನ ಕ್ಲೈಂಬರುಗಳಿಂದ ನಾನೂರಕ್ಕೂ ಹೆಚ್ಚು ಸಹಿ ತರಿಸಿ, ಬಂಡೆಯ ಒಳ್ಳೊಳ್ಳೆಯ ಚಿತ್ರಗಳನ್ನು ಅಂಟಿಸಿ, ನಮ್ಮ ಜಿಲ್ಲಾಕೇಂದ್ರ ಕೃಷ್ಣಗಿರಿಯಲ್ಲಿ ಸೋಮವಾರದ ಕುಂದುಕೊರತೆ ದಿನದಂದು ಅರ್ಜಿ ಕೊಟ್ಟೆವು. ಸಹಿ ಹಾಕಿದವರಲ್ಲಿ ಜಿಲ್ಲೆಯ ವಿಳಾಸವಿದ್ದವರು ಹನ್ನೊಂದು ಜನ ಮಾತ್ರ. ಅರ್ಜಿ ತೆಗೆದುಕೊಂಡ ಅಧಿಕಾರಿ ಅದನ್ನು ಎಣಿಸಿ ನೋಡಿ, ಇದು ನಿಮ್ಮೂರಿನ ಅರ್ಜಿಯೋ ಬೇರೆಯವರ ಅರ್ಜಿಯೋ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದಕ್ಕಿಂತ ದೊಡ್ಡ ನಷ್ಟವಾದದ್ದು ಚಿತ್ರಗಳಿಂದ. ಅವು ಎಲ್ಲೆಡೆ ಹರಡಿ ಭಾನುವಾರಗಳಂದು ಇಪ್ಪತ್ತು ಮೂವತ್ತು ಬೈಕುಗಳು ಬರತೊಡಗಿದವು. ದೊಣೆಯಲ್ಲಿ ಬಾಟಲಿ ಚೂರುಗಳು ಬಿದ್ದವು. ಯಾರೋ ನಮಗೆ ತಿಳಿಸದೆ ಮುನೇಶ್ವರನ ಕಲ್ಲಿನ ಪಕ್ಕದಲ್ಲೇ ಹತ್ತುವ ಹಗ್ಗಕ್ಕೆ ಆಸರೆಯಾಗುವ ಬೋಲ್ಟ್ ಹೊಡೆದರು. ಕುರಿ ಮೇಯಿಸುವ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, "ಮಗಾ, ಕೋರೆಯೋನು ಬಂಡೆ ಒಡೀತಾನೆ, ನೀವು ಮರ್ಯಾದೆ ಒಡೀತಿದ್ದೀರಿ. ನಮಗೆ ಎರಡೂ ಒಂದೇ" ಎಂದರು. ಆ ಮಾತಿನ ಮರುದಿನವೇ ನಾವು ಡ್ರಿಲ್ ತೆಗೆದುಕೊಂಡು ಹೋಗಿ ಹದಿನಾಲ್ಕು ಬೋಲ್ಟ್ ಕಿತ್ತು, ತೂತುಗಳಿಗೆ ಕಲ್ಲುಪುಡಿ ಬೆರೆಸಿದ ಎಪಾಕ್ಸಿ ತುಂಬಿದೆವು. ಒಂದು ಬೋಲ್ಟಿಗೂ ಅದರ ಹ್ಯಾಂಗರ್ ಎಂಬ ಲೋಹದ ಕೊಂಡಿಗೂ ಸೇರಿ ಆಗ ನಾನೂರೈವತ್ತು ರೂಪಾಯಿ ಇತ್ತು. ಪಶ್ಚಿಮದ ಗೋಡೆಯಲ್ಲಿ ಇಪ್ಪತ್ತೆರಡನ್ನು ಮಾತ್ರ ಉಳಿಸಿಕೊಂಡೆವು.

ಹತ್ತುವಾಗ ಕೈ ಜಾರದಿರಲೆಂದು ಹಚ್ಚಿಕೊಳ್ಳುವ, ಸೀಮೆಸುಣ್ಣದಂಥ ಚಾಕ್‌ಪುಡಿಯ ಬಿಳಿ ಕಲೆಗಳ ಬಗ್ಗೆಯೂ ಊರಿನವರ ತಕರಾರಿತ್ತು. ಕೆಮ್ಮಣ್ಣನ್ನು ಜರಡಿ ಹಿಡಿದು ಚಾಕಿಗೆ ಬೆರೆಸಿ ಬಂಡೆಯ ಬಣ್ಣ ತರಲು ಎರಡು ತಿಂಗಳು ಪ್ರಯತ್ನಿಸಿದೆ. ಬಣ್ಣವೇನೋ ಬಂತು, ಆದರೆ ಬೆವರಿನೊಡನೆ ಸೇರಿ ಬೆರಳು ಜಾರತೊಡಗಿತು. ನಮ್ಮ ಹುಡುಗನೊಬ್ಬ ಎರಡನೆಯ ಬೋಲ್ಟಿನ ಬಳಿಯಿಂದ ಬಿದ್ದು ಹಿಮ್ಮಡಿ ಉಳುಕಿಸಿಕೊಂಡ. ಆಮೇಲೆ ಹತ್ತಿದ ಪ್ರತಿ ಹಿಡಿತವನ್ನೂ ಇಳಿಯುವಾಗ ಬ್ರಷ್ಷಿನಿಂದ ಉಜ್ಜಿ ತೊಳೆಯುವುದನ್ನೇ ನಿಯಮ ಮಾಡಿಕೊಂಡೆವು.

ಎರಡನೆಯ ಸೋಲು ಮೇಲಿನಿಂದ ಬಂತು. ಅಭಯಾರಣ್ಯ, ಆನೆದಾರಿ, ಕಾಯ್ದಿಟ್ಟ ಅರಣ್ಯ ಇವುಗಳ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಕೋರೆ ಇರಬಾರದೆಂದು ತಮಿಳುನಾಡು ಸರ್ಕಾರ 2021ರ ನವೆಂಬರಿನಲ್ಲಿ ನಿಯಮ ತಂದಿತ್ತು. ನಮ್ಮ ಬಂಡೆಯಿಂದ ಕಾಯ್ದಿಟ್ಟ ಅರಣ್ಯದ ಗಡಿಕಲ್ಲಿಗೆ ಆರುನೂರು ಮೀಟರ್ ಚಿಲ್ಲರೆ. ರಾಗಿ ಕೊಯ್ಲಿನ ಕಾಲಕ್ಕೆ ಜವಳಗಿರಿ ಕಡೆಯಿಂದ ಆನೆಗಳು ಬರುವ ಸೀಮೆ ಇದು. ಇಷ್ಟಾದರೆ ಸಾಕು ಎಂದು ನಾವು ಮೂರು ತಿಂಗಳು ಹೆಚ್ಚಾಗಿ ಇದೊಂದನ್ನೇ ನಂಬಿ ಕುಳಿತೆವು. 2022ರ ಡಿಸೆಂಬರಿನಲ್ಲಿ ತಿದ್ದುಪಡಿ ಬಂದು, ಕಾಯ್ದಿಟ್ಟ ಅರಣ್ಯಗಳನ್ನು ಆ ನಿಯಮದಿಂದ ಹೊರಗಿಟ್ಟರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕಾವೇರಿ ದಕ್ಷಿಣ ವನ್ಯಜೀವಿಧಾಮವನ್ನು ಸುಮಾರು 686 ಚದರ ಕಿಲೋಮೀಟರಿಗೆ ಘೋಷಿಸಿದ್ದರು. ನಮ್ಮ ಪಕ್ಕದ ಕಾಡು ಅದರ ಗಡಿಯ ಹೊರಗೆ ಉಳಿದಿತ್ತು. ಅಮೆರಿಕದಲ್ಲಿ ಬೇರ್ಸ್ ಇಯರ್ಸ್ ಎಂಬ ಸಾರ್ವಜನಿಕ ಭೂಮಿಗೆ 2016ರ ಡಿಸೆಂಬರಿನಲ್ಲಿ ಒಬ್ಬ ಅಧ್ಯಕ್ಷರು ರಕ್ಷಣೆ ಕೊಟ್ಟು, ಮರುವರ್ಷವೇ ಇನ್ನೊಬ್ಬರು ಅದರ ಶೇಕಡಾ 85ರಷ್ಟನ್ನು ಕತ್ತರಿಸಿ, 2021ರಲ್ಲಿ ಮತ್ತೊಬ್ಬರು ಮರಳಿಸಿದ ಕಥೆ ಕ್ಲೈಂಬರುಗಳಿಗೆಲ್ಲ ಗೊತ್ತು. ಸೀಳುಗಳನ್ನು ಹತ್ತುವವರ ಇಂಡಿಯನ್ ಕ್ರೀಕ್ ಇರುವುದು ಅಲ್ಲಿಯೇ. ಮೇಲಿನವರು ಒಂದು ಸಹಿಯಿಂದ ಕೊಟ್ಟದ್ದನ್ನು ಇನ್ನೊಂದು ಸಹಿಯಿಂದ ತೆಗೆಯಬಲ್ಲರು ಎಂಬುದು ನಮ್ಮೂರಿಗೇ ಬಂದಾಗ ನಮಗೆ ಅರ್ಥವಾಯಿತು.

ಇದೇ ಹೊತ್ತಿನಲ್ಲಿ ವಕೀಲರೊಬ್ಬರಿಗೆ ಇಪ್ಪತ್ತೈದು ಸಾವಿರ ಕೊಟ್ಟೆವು. ಟೆಂಡರ್ ಪ್ರಕಟವಾಗದೆ ರಿಟ್ ಹಾಕಲು ಏನೂ ಇಲ್ಲವೆಂದು ಅವರು ಹಣ ತೆಗೆದುಕೊಂಡ ಮೇಲೆ ಹೇಳಿದರು. ಆ ಹಣದಲ್ಲಿ ಎರಡು ಹೊಸ ಹಗ್ಗ ಬರುತ್ತಿತ್ತು.

ಹಾಗಾದರೆ ಅರಣ್ಯ ಇಲಾಖೆಗೇ ಬಂಡೆಯನ್ನು ಒಪ್ಪಿಸೋಣ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವನ್ನಾಗಿ ಮಾಡಿದ ಮೇಲೆ ಕ್ಲೈಂಬರುಗಳಿಗೆ ಅಲ್ಲಿನ ಹಳೆಯ ದಾರಿಗಳು ಸಿಗದಾದವು. ಹದ್ದುಗಳಿಗಾಗಿ ಅದು ಸರಿಯೇ; ಆದರೆ ನಮ್ಮಲ್ಲಿ ಬೇಲಿ ಬಂದರೆ ಹೊರಗುಳಿಯುವವರು ಕುರಿ ಮೇಯಿಸುವವರು. ಬೆಂಗಳೂರಿನ ತುರಹಳ್ಳಿಯಲ್ಲಿ 2021ರಲ್ಲಿ ಮರ ಉದ್ಯಾನದ ಯೋಜನೆ ಬಂದಾಗ ನಡೆಯುವವರು, ಸೈಕಲ್ಲಿನವರು, ಬಂಡೆ ಹತ್ತುವವರು ಒಟ್ಟಾಗಿ ನಿಂತು ಅದನ್ನು ತಡೆದರು. ಅದಕ್ಕೆ ನಗರದ ದನಿ ಬೇಕು, ಪತ್ರಿಕೆಗಳು ಬೇಕು. ನಮ್ಮಲ್ಲಿ ಇದ್ದದ್ದು ಗ್ರಾಮಸಭೆಯೊಂದೇ.

ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಗ್ರಾಮಸಭೆಗಳು: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಮಾರ್ಚ್ 22 ವಿಶ್ವ ಜಲದಿನ. ಆ ದಿನದ ಸಭೆಯನ್ನು ಸೇರಿಸಲು ತೀರ್ಮಾನಿಸಿದ್ದು 2022ರಲ್ಲಿ. ನಮಗೆ ಬಾಗಿಲು ತೆರೆದದ್ದು ಅದೇ ದಿನ. ಅಲ್ಲಿಯವರೆಗೆ ನಾವು ಬಂಡೆಯ ಚೆಲುವನ್ನೂ ಕ್ಲೈಂಬಿಂಗಿನ ಮಹತ್ವವನ್ನೂ ಹೇಳುತ್ತಿದ್ದೆವು. ಬಂಡೆಯ ಮೇಲೆ ಬಿದ್ದ ಮಳೆಯೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಎರಡು ಹಿಂಗಾರುಗಳಲ್ಲಿ ಹಗ್ಗದ ಮೇಲೆ ನೇತಾಡುತ್ತ ನೋಡಿದ್ದ ನನಗೇ ಅದನ್ನು ಅಳೆಯಬೇಕೆಂದು ಹೊಳೆಯಲು ಅಷ್ಟು ಕಾಲ ಬೇಕಾಯಿತು.

2022ರ ಸೆಪ್ಟೆಂಬರಿನಲ್ಲಿ ಬಂಡೆಯ ದಕ್ಷಿಣದ ಓಣಿಗೆ ತಗಡಿನ ಅಡ್ಡಹಲಗೆ ಹಾಕಿ, ಅದರಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕತ್ತರಿಸಿದೆವು. ಮೊದಲನೆಯದು ಎರಡನೆಯ ಮಳೆಗೇ ಕೊಚ್ಚಿಹೋಯಿತು. ಎರಡನೆಯದನ್ನು ಸಿಮೆಂಟಿನಲ್ಲಿ ಕೂರಿಸಿ, ಅಂಚುಗಳಿಗೆ ಜೇಡಿಮಣ್ಣು ಬಳಿದೆವು. ಕಚ್ಚಿನಲ್ಲಿ ನೀರು 20 ಸೆಂಟಿಮೀಟರ್ ಏರಿದರೆ ಸೆಕೆಂಡಿಗೆ ಸುಮಾರು 25 ಲೀಟರ್ ಹರಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒಬ್ಬ ಹುಡುಗ ಕೊಡೆ ಹಿಡಿದು ಕುಳಿತು ಅಳತೆ ಬರೆದುಕೊಂಡ. ಆ ಓಣಿಗೆ ಇಳಿಯುವ ಬಂಡೆ ಎರಡು ಎಕರೆ. ಅಕ್ಟೋಬರಿನ ಒಂದು ಸಂಜೆ 31 ಮಿಲಿಮೀಟರ್ ಮಳೆಗೆ ಒಂದು ಲಕ್ಷ ತೊಂಬತ್ತು ಸಾವಿರ ಲೀಟರ್ ಹರಿದು ಕೆರೆ ಸೇರಿತು. ಎಂದರೆ ಬಿದ್ದದ್ದರಲ್ಲಿ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ವರ್ಷಕ್ಕೆ 800 ಮಿಲಿಮೀಟರ್ ಮಳೆಯೆಂದು ಹಿಡಿದರೂ ಒಂಬತ್ತು ಎಕರೆಯಿಂದ ಎರಡು ಕೋಟಿ ಲೀಟರಿಗೂ ಮೀರಿದ ನೀರು. ಗ್ರಾಮಸಭೆಯಲ್ಲಿ ಕೋಟಿಯ ಲೆಕ್ಕ ಯಾರಿಗೂ ನಾಟಲಿಲ್ಲ. ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಮೂರೂವರೆ ಸಾವಿರ ಲೋಡು ಎಂದಾಗ ಹೆಂಗಸರ ಸಾಲು ಒಮ್ಮೆಲೇ ಎದ್ದು ನಿಂತಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ಎಣಿಸುವವರು ಅವರೇ. 2023ರ ಮಾರ್ಚ್ 22ರ ಸಭೆಯಲ್ಲಿ ಬಂಡೆಯನ್ನು ಕೆರೆಯ ಜಲಾನಯನ ಎಂದು ಗುರುತಿಸುವ ನಿರ್ಣಯ ಒಮ್ಮತದಿಂದ ಆಯಿತು.

ಬರೀ ವಿರೋಧದ ನಿರ್ಣಯಗಳು ಕಡತದಲ್ಲಿ ಮಲಗುತ್ತವೆ. ನಮ್ಮ ನಿರ್ಣಯದಲ್ಲಿ ಬಂಡೆಯನ್ನು ಯಾರು ಯಾವಾಗ ಯಾವುದಕ್ಕೆ ಬಳಸುತ್ತಾರೆ ಎಂಬ ಪಟ್ಟಿಯಿತ್ತು. ಕುರಿ ಎಷ್ಟು, ರಾಗಿ ಒಣಗಿಸುವ ಮನೆಗಳೆಷ್ಟು, ಮುನೇಶ್ವರನ ಪೂಜೆ ಯಾವಾಗ, ಹೆಜ್ಜೇನು ಯಾವ ತಿಂಗಳಲ್ಲಿ ಕಟ್ಟುತ್ತದೆ, ಶಾಲೆಯ ಮಕ್ಕಳಿಗೆ ಯಾವ ಶನಿವಾರ ಹಗ್ಗದ ತರಗತಿ ನಡೆಯುತ್ತದೆ, ಎಲ್ಲವೂ ಅದರಲ್ಲಿದ್ದವು. ಹಿರಿಯರ ಹೇಳಿಕೆಗಳನ್ನು ಅವರ ಕನ್ನಡದಲ್ಲೇ ಬರೆದುಕೊಂಡು, ತಮಿಳಿಗೆ ಮಾಡಿಸಿ, ಎರಡನ್ನೂ ಹೆಬ್ಬೆಟ್ಟಿನೊಡನೆ ಲಗತ್ತಿಸಿದೆವು. ಇದರಲ್ಲಿ ಕ್ಲೈಂಬಿಂಗ್ ಏಳನೆಯ ಸಾಲಿನಲ್ಲಿತ್ತು. ಜೇನು ಕಟ್ಟುವ ಕಾಲಕ್ಕೂ ಗೂಬೆ ಮರಿ ಮಾಡುವ ಕಾಲಕ್ಕೂ ಪಶ್ಚಿಮದ ಗೋಡೆಯನ್ನು ನಾವೇ ಮುಚ್ಚುತ್ತೇವೆಂದು ಬರೆದುಕೊಟ್ಟದ್ದರಿಂದ ಅರಣ್ಯದವರೂ ನಮ್ಮ ಪರವಾಗಿ ಒಂದು ಟಿಪ್ಪಣಿ ಕೊಟ್ಟರು. ನಿರ್ಣಯದ ಕೊನೆಯ ಎರಡು ವಾಕ್ಯಗಳನ್ನು ಹೇಗೆ ಬರೆಯಬೇಕೆಂಬುದು ನಮಗೆ ಮೂರು ಸಭೆಗಳ ನಂತರ ಗೊತ್ತಾಯಿತು; ಇನ್ನೂ ಎರಡು ಬೆಟ್ಟಗಳ ವಿಷಯ ನಡೆಯುತ್ತಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಕೇಳಿದವರಿಗೆ ಪ್ರತಿ ಕೊಡುತ್ತೇನೆ.

ಇನ್ನು ಅಳತೆಯ ವಿಷಯ. ಜನವಸತಿಯಿಂದ 300 ಮೀಟರ್ ಒಳಗೆ ಕಲ್ಲು ಕೋರೆ ಇರಬಾರದೆಂದು 1959ರ ಉಪಖನಿಜ ನಿಯಮಗಳಲ್ಲಿ ಇದೆ. ಹತ್ತಿರದ ಮನೆಯವರೆಗಿನ ದೂರವನ್ನು ನಾನು ಮೊದಲು ಬಂಡೆಯ ಮೇಲೆ ಟೇಪು ಎಳೆದು 318 ಮೀಟರ್ ಎಂದು ಬರೆದು ಕೈಚೆಲ್ಲಿದ್ದೆ. ಅದು ಇಳಿಜಾರಿನ ಉದ್ದ. ನಿಯಮ ಕೇಳುವುದು ಸಮತಲದ ದೂರವನ್ನು. ಆಮೇಲೆ 60 ಮೀಟರಿನ, ಎಳೆದರೆ ಹಿಗ್ಗದ ಸ್ಟ್ಯಾಟಿಕ್ ಹಗ್ಗದಲ್ಲಿ ಎತ್ತರ ಇಳಿಸಿ, 30 ಮೀಟರ್ ಟೇಪನ್ನು ತೂಕದ ಗುಂಡಿನೊಡನೆ ಮೆಟ್ಟಿಲು ಮೆಟ್ಟಿಲಾಗಿ ಅಡ್ಡಕ್ಕೆ ಹಿಡಿದು ಅಳೆದರೆ 286 ಬಂತು. ನಾಲ್ಕು ಸಲ ಅಳೆದರೂ ಎರಡು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಕ್ಲೈಂಬಿಂಗಿನ ಎಳೆತವಿರುವ ಹಗ್ಗವನ್ನು ಇದಕ್ಕೆ ಬಳಸಬೇಡಿ. ಒದ್ದೆಯಾದ ಹಗ್ಗವನ್ನೂ ಬಳಸಬೇಡಿ. 2023ರ ಜುಲೈಯಲ್ಲಿ ಸರ್ಕಾರಿ ಸರ್ವೇಯರ್ ಯಂತ್ರ ತಂದು ಅಳೆದಾಗ 285 ಚಿಲ್ಲರೆ ಬಂದದ್ದನ್ನು ನೋಡಿ ಅವರೇ ನಮ್ಮ ಪುಸ್ತಕವನ್ನು ಕೇಳಿ ಪಡೆದು ಪುಟ ತಿರುವಿದರು. ಈ ಜಿಲ್ಲೆಯಲ್ಲಿ ನೆಟ್ಟನೆಯ ಗೋಡೆಯ ಮೇಲೆ ಅಷ್ಟು ನಿಖರವಾಗಿ ಅಳೆದವರು ಬೇರೆ ಯಾರೂ ಇರಲಾರರು ಎಂಬ ಹೆಮ್ಮೆ ನನಗಿದೆ. ಆ ಮನೆ ತೋಟದ ಮನೆಯೆಂದು ತಕರಾರು ಬಂತು. ಕಂದಾಯ ದಾಖಲೆಯಲ್ಲಿ ಅದು ಮನೆನಿವೇಶನ ಎಂದಿರುವುದನ್ನು ಹುಡುಕಿ ತೋರಿಸಲು ಮಾಹಿತಿ ಹಕ್ಕಿನಲ್ಲಿ ಆರು ಅರ್ಜಿ, ಹತ್ತು ತಿಂಗಳು ಬೇಕಾಯಿತು. ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ. ಬಸ್ಸಿನ ಖರ್ಚೇ ಹೆಚ್ಚು.

ಕೋರೆಯವರು ಮನೆಯಿಂದ ದೂರದ ಉತ್ತರದ ತುದಿಯಲ್ಲಿ ಎರಡು ಚಿಕ್ಕ ತುಂಡುಗಳನ್ನು ಕೇಳಬಹುದೆಂಬ ಭಯವಿತ್ತು. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದದ್ದು ಇಂಥ ತುಂಡು ಮಾಡುವಿಕೆಯನ್ನು ಕಂಡೇ. 500 ಮೀಟರ್ ದೂರದೊಳಗೆ ಈಗಾಗಲೇ ನಡೆಯುತ್ತಿದ್ದ ಎರಡು ಕೋರೆಗಳ ವಿಸ್ತೀರ್ಣವನ್ನು ಕೂಡಿಸಿ, ಇದು ಸೇರಿದರೆ ಐದು ಹೆಕ್ಟೇರ್ ಮೀರುತ್ತದೆ, ಸಾರ್ವಜನಿಕ ವಿಚಾರಣೆ ನಡೆಯಬೇಕು ಎಂದು ನಕ್ಷೆಯೊಡನೆ ಮೊದಲೇ ಬರೆದುಕೊಟ್ಟೆವು.

ಬಂಡೆಯ ಬುಡದ ವೀರಗಲ್ಲಿನ ಹಿಂದೆಯೂ ನಾನು ಒಂದಷ್ಟು ಕಾಲ ಅಲೆದೆ. ನಮ್ಮ ಜಿಲ್ಲೆಯ ಮಯಿಲಾಡುಂಪಾರೈ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ಕಾಲ ಕ್ರಿ.ಪೂ. 2172 ಎಂದು 2022ರಲ್ಲಿ ಪ್ರಕಟವಾದ ಮೇಲೆ ಕೃಷ್ಣಗಿರಿಯ ಕಲ್ಲುಗಳಿಗೆ ಬೆಲೆ ಬಂದೀತೆಂದು ನಂಬಿದ್ದೆ. ಅಕ್ಷರಗಳು ಕನ್ನಡದವೆಂಬುದು ಮಾತ್ರ ಖಚಿತವಾಯಿತು. ಸವೆದಿದ್ದರಿಂದ ಓದಿಸಲಾಗಲಿಲ್ಲ, ಅರ್ಜಿಯೂ ಮುಂದೆ ಹೋಗಲಿಲ್ಲ. ಮಧುರೈ ಬಳಿಯ ಅರಿಟ್ಟಾಪಟ್ಟಿ 2022ರಲ್ಲೇ ಜೀವವೈವಿಧ್ಯ ಪರಂಪರೆಯ ತಾಣವಾಗಿದ್ದರೂ 2024ರಲ್ಲಿ ಅದನ್ನೂ ಒಳಗೊಂಡು ಟಂಗ್‌ಸ್ಟನ್ ಗಣಿಯ ಹರಾಜು ನಡೆಯಿತು. ಊರುಗಳು ಎದ್ದು ನಿಂತ ಮೇಲೆ 2025ರ ಜನವರಿಯಲ್ಲಿ ಕೇಂದ್ರ ಅದನ್ನು ರದ್ದುಪಡಿಸಿತು. ಅದನ್ನು ಕಂಡ ಮೇಲೆ ಬಿರುದಿಗಾಗಿ ಅಲೆದ ಕಾಲದ ಬಗ್ಗೆ ನನಗೆ ಬೇಸರವಾಯಿತು.

ಎರಡು ವರ್ಷಗಳಿಗೆ ಒಟ್ಟು ಖರ್ಚು ಒಂದು ಲಕ್ಷ ಎಂಬತ್ತು ಸಾವಿರದ ಆಸುಪಾಸು. ಅದರಲ್ಲಿ ನನ್ನ ತರಗತಿಗಳು ತಪ್ಪಿ ಹೋದ ಆದಾಯವೇ ಎಪ್ಪತ್ತು ಸಾವಿರವಿರಬೇಕು. ಊರಿನಿಂದ ಬಂದದ್ದು ಮೂವತ್ತೆರಡು ಸಾವಿರ. ಕುರಿ ಮೇಯಿಸುವ ಆ ಹಿರಿಯರು ಒಂದು ಮರಿ ಮಾರಿದ ಹಣವನ್ನು ತಂದುಕೊಟ್ಟರು.

ಎ ರಿಜಿಸ್ಟರಿನಲ್ಲಿ ಆ ಪದ ಇನ್ನೂ ಬದಲಾಗಿಲ್ಲ. ನಮ್ಮ ಪಂಚಾಯಿತಿಯ ಅವಧಿ 2025ರ ಜನವರಿಗೆ ಮುಗಿದಿರುವುದರಿಂದ, ನಿರ್ಣಯಗಳ ದೃಢೀಕೃತ ಪ್ರತಿಗಳನ್ನು ಅದಕ್ಕೆ ಮೊದಲೇ ತೆಗೆಸಿ ಮೂರು ಮನೆಗಳಲ್ಲಿ ಇಟ್ಟಿದ್ದೇವೆ. ಓಣಿಯ ತಗಡು ತುಕ್ಕು ಹಿಡಿದಿದೆ. ಮುಂದಿನ ಹಿಂಗಾರಿಗೆ ಮೊದಲು ಸ್ಟೀಲಿನ ಹಲಗೆ ಹಾಕಿಸಬೇಕು. ಅದಕ್ಕೆ ನಾಲ್ಕು ಸಾವಿರ ಹೊಂದಿಸುತ್ತಿದ್ದೇವೆ.