‘ಮೊತ್ತ’ ತುಂಡಾದಾಗ: ಎಡಿಟರ್ ತಂಡಕ್ಕೆ ನಾನು ಬಗ್ ವರದಿ ಬರೆದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಕೆಲಸವೂ ಮನೆಯಿಂದಲೇ. ಅಡಿಕೆ ಅಂಗಡಿಯವರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ರಸೀದಿ ಕನ್ನಡದಲ್ಲೂ ಬರಬೇಕು, ಮಲಯಾಳದಲ್ಲೂ ಬರಬೇಕು. ಇಲ್ಲಿ ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಮಾತಾಡುವವರು ಅಂಗಡಿಯ ಚೀಟಿಯನ್ನು ಕನ್ನಡದಲ್ಲಿ ಓದುತ್ತಾರೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕೋಕ, ಕರಿಗೋಟು ಹೀಗೆ ಅಡಿಕೆಯ ಎಲ್ಲ ದರ್ಜೆಗೂ ಬೇರೆ ಬೇರೆ ದರ. ಹಾಗಾಗಿ ಒಂದೊಂದು ಪದವೂ ಸರಿಯಾಗಿಯೇ ಅಚ್ಚಾಗಬೇಕು.

ಒಂದು ದಿನ ಅಂಗಡಿಯವರೊಬ್ಬರ ಫೋನ್ ಬಂತು. “ಎಂತ ಮಾರಾಯ್ರೆ ಇದು, ಮೊತ್ತ ತುಂಡಾಗಿದೆಯಲ್ಲ?” ರಸೀದಿಯ ಫೋಟೊ ಕಳಿಸಿದರು. ‘ಒಟ್ಟು ಮೊತ್ತ:’ ಎಂದು ಇರಬೇಕಾದಲ್ಲಿ ‘ಒಟ್ಟು ಮೊತ್:ತ’ ಎಂದು ಬಂದಿತ್ತು.

ಹಿಂದಿನ ದಿನ, ಪ್ರೋಗ್ರಾಂ ಬರೆಯಲು ಬಳಸುವ ಎಡಿಟರ್ ಎಂಬ ಸಾಫ್ಟ್‌ವೇರ್‌ನಲ್ಲಿ ಆ ಲೇಬಲ್‌ಗೆ ಕೋಲನ್ ಸೇರಿಸಿದ್ದು ನಾನೇ. ಎಡಿಟರ್‌ನಲ್ಲಿ ಕರ್ಸರ್ ‘ತ್ತ’ ಮುಗಿದ ಮೇಲೆ ನಿಂತಿದ್ದನ್ನು ಕಣ್ಣಾರೆ ನೋಡಿಯೇ ಕೋಲನ್ ಒತ್ತಿದ್ದೆ. ಅದು ಒತ್ತಕ್ಷರದ ನಡುವೆ ನುಗ್ಗಿತ್ತು. ಲೇಬಲ್ ಸರಿಮಾಡಲು ಎರಡೇ ನಿಮಿಷ ಸಾಕಾಯಿತು. ಆದರೆ ಅದೇ ಫೈಲಿನಲ್ಲಿ ಇನ್ನೂ ನೂರಾರು ಕನ್ನಡ ಪದಗಳಿದ್ದವು. ಇನ್ನು ಯಾವುದು ಒಡೆದಿದೆಯೋ ಎಂಬ ಹೆದರಿಕೆ ಹೋಗಲಿಲ್ಲ.

ಆ ರಾತ್ರಿಯೇ ಎಡಿಟರ್‌ನ ತಂಡಕ್ಕೆ ಬರೆದೆ. ಕನ್ನಡ ಸರಿಯಾಗಿ ಬರುತ್ತಿಲ್ಲ, ಕೋಟಿಗಟ್ಟಲೆ ಜನರ ಭಾಷೆ, ದಯವಿಟ್ಟು ಸರಿಪಡಿಸಿ ಎಂದು ಅರ್ಧ ಪುಟ. ಎರಡು ವಾರದ ಮೇಲೆ ಉತ್ತರ ಬಂತು: ನಮ್ಮಲ್ಲಿ ಈ ತೊಂದರೆ ಕಾಣುತ್ತಿಲ್ಲ, ಹೆಚ್ಚಿನ ವಿವರ ಬೇಕು. ಸಿಟ್ಟಿನಲ್ಲಿ ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ದಿನದಲ್ಲಿ ಆ ವರದಿಯನ್ನು ಮುಚ್ಚಿಬಿಟ್ಟರು.

ಕೆಲವು ದಿನ ಬಿಟ್ಟು ನಾನು ಬರೆದದ್ದನ್ನು ನಾನೇ ಓದಿ ನೋಡಿದೆ. ಅದು ಬಗ್ ವರದಿಯ ಹಾಗೆ, ಅಂದರೆ ಸಾಫ್ಟ್‌ವೇರ್‌ನ ದೋಷ ತಿಳಿಸುವ ವರದಿಯ ಹಾಗೆ ಇರಲೇ ಇಲ್ಲ, ಮನವಿಯ ಹಾಗಿತ್ತು. ಕಾಸರಗೋಡಿನವರಿಗೆ ಮನವಿ ಬರೆದು ಅಭ್ಯಾಸ. 1956ರ ನವೆಂಬರ್ 1ರಂದು ಈ ಊರು ಕೇರಳಕ್ಕೆ ಸೇರಿದಂದಿನಿಂದ ಅರ್ಜಿ ನಮೂನೆ ಕನ್ನಡದಲ್ಲಿರಲಿ, ಬೋರ್ಡ್ ಕನ್ನಡದಲ್ಲಿರಲಿ, ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬರಲಿ ಎಂದು ಬರೆಯುತ್ತಲೇ ಬಂದಿದ್ದೇವೆ. ಅಲ್ಲಿ ನಾವು ಯಾರು, ನಮ್ಮ ಹಕ್ಕೇನು ಎಂದು ಹೇಳಲೇಬೇಕು. ಆದರೆ ಈ ಪತ್ರ ಓದುವ ಡೆವಲಪರ್‌ಗೆ ನನ್ನ ಹಕ್ಕಿನ ಬಗ್ಗೆ ತಕರಾರೇ ಇಲ್ಲ. ಯಾವ ಕೀ ಒತ್ತಿದರೆ ಏನಾಗುತ್ತದೆ ಎಂದು ಗೊತ್ತಾದರೆ ಅವರಿಗೆ ಸಾಕು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ‘ಮೊತ್ತ’ವೂ ‘ಮೊತ್:ತ’ವೂ ಅವರ ಕಣ್ಣಿಗೆ ಒಂದೇ ಥರದ ಚಿತ್ರ. ತಪ್ಪು ಎಲ್ಲಿದೆ ಎಂದು ಅವರ ಕಂಪ್ಯೂಟರಿನಲ್ಲೇ ಅವರಿಗೆ ಕಾಣಿಸಬೇಕು. ಆ ಕೆಲಸ ನನ್ನದು.

ಮೊದಲು ನನ್ನ ಕಂಪ್ಯೂಟರಿನ ಸಾಮಾನೆಲ್ಲ ಬದಿಗಿಟ್ಟೆ. ಎಕ್ಸ್‌ಟೆನ್ಶನ್‌ಗಳು (ಎಡಿಟರ್‌ಗೆ ನಾವೇ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳು), ಥೀಮು, ನನ್ನ ಸೆಟ್ಟಿಂಗ್ ಎಲ್ಲ ಆಫ್. ಪ್ರತಿ ಎಡಿಟರ್‌ನಲ್ಲೂ ಇದಕ್ಕೊಂದು ದಾರಿ ಇರುತ್ತದೆ. ಈಮ್ಯಾಕ್ಸ್‌ನಲ್ಲಿ ‘-ಕ್ಯೂ’ (ದೊಡ್ಡಕ್ಷರದ Q), ವಿಮ್‌ನಲ್ಲಿ ‘--ಕ್ಲೀನ್’, ವಿಎಸ್ ಕೋಡ್‌ನಲ್ಲಿ ಎಕ್ಸ್‌ಟೆನ್ಶನ್ ಇಲ್ಲದೆ ತೆರೆಯುವ ಆಯ್ಕೆ. ಹಾಗೆ ತೆರೆದರೂ ತೊಂದರೆ ಇದ್ದರೆ ಅದು ಎಡಿಟರ್‌ನದ್ದೇ. ಹೋದರೆ ನಿಮ್ಮ ಎಕ್ಸ್‌ಟೆನ್ಶನ್‌ಗಳಲ್ಲಿ ಒಂದರದ್ದು. ಆಗ ಅರ್ಧ ಆಫ್ ಮಾಡಿ ನೋಡಿ, ಉಳಿದದ್ದರಲ್ಲಿ ಮತ್ತೆ ಅರ್ಧ. 17 ಇದ್ದರೂ ಐದು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ನನ್ನ ತೊಂದರೆ ಎಲ್ಲ ತೆಗೆದ ಮೇಲೂ ಹಾಗೇ ಇತ್ತು.

ಆಮೇಲೆ ಒಂದೇ ಸಾಲಿನ ಫೈಲ್ ಮಾಡಿದೆ. ಅದರಲ್ಲಿ ಇದ್ದದ್ದು ‘ಒಟ್ಟು ಮೊತ್ತ’ ಮಾತ್ರ. ಕರ್ಸರನ್ನು ಸಾಲಿನ ಆರಂಭಕ್ಕೆ ಒಯ್ದು ಬಲ ಬಾಣದ ಕೀಯನ್ನು ಒಂದೊಂದೇ ಸಲ ಒತ್ತುತ್ತಾ ಎಣಿಸಿದೆ. ನಮ್ಮ ಲೆಕ್ಕದಲ್ಲಿ ಒ, ಟ್ಟು, ನಡುವಿನ ಖಾಲಿ ಜಾಗ, ಮೊ, ತ್ತ. ಐದು ಸಲ ಒತ್ತಿದರೆ ಕೊನೆ ಮುಟ್ಟಬೇಕು. ಎಡಿಟರ್‌ನಲ್ಲಿ ಏಳು ಸಲ ಬೇಕಾಯಿತು. ಅದು ‘ಟ್’ ಬೇರೆ, ‘ಟು’ ಬೇರೆ, ‘ತ್’ ಬೇರೆ, ‘ತ’ ಬೇರೆ ಎಂದು ಎಣಿಸುತ್ತಿತ್ತು. ಒತ್ತು ಅಕ್ಷರದ ಕೆಳಗೆ ಕೂರುವುದರಿಂದ ಆರನೇ ಸಲಕ್ಕೇ ಕರ್ಸರ್ ‘ತ್ತ’ದ ಬಲಕ್ಕೆ ಬಂದು ನಿಂತ ಹಾಗೆ ಕಾಣುತ್ತದೆ. ಆದರೆ ಅದು ಇರುವುದು ‘ತ್’ ಮತ್ತು ‘ತ’ದ ನಡುವೆ. ನನ್ನ ಕೋಲನ್ ಹೋಗಿ ಕೂತ ಜಾಗ ಅದೇ.

ಐದು, ಆರು, ಏಳು. ಇದನ್ನು ಪರೀಕ್ಷಿಸಲು ಕನ್ನಡ ಗೊತ್ತಿರಬೇಕಾಗಿಲ್ಲ, ಎಣಿಸಲು ಬಂದರೆ ಸಾಕು.

ಆ ಹೊತ್ತಿಗೆ ನನ್ನ ಜೊತೆ ಕೆಲಸ ಮಾಡುವ ಕಾಞಂಗಾಡಿನ ಗೆಳೆಯನಿಗೆ ಫೋನ್ ಮಾಡಿದೆ. ಮಲಯಾಳದ ಲೇಬಲ್‌ಗಳನ್ನು ನೋಡಿಕೊಳ್ಳುವುದು ಅವನೇ. ಅವನಿಗೆ ಈ ತೊಂದರೆ ಒಂದು ಸಲವೂ ಬಂದಿರಲಿಲ್ಲ. ಮಲಯಾಳದಲ್ಲಿ ಅಡಿಕೆಗೆ ‘ಅಡಕ್ಕ’ ಎನ್ನುತ್ತಾರಲ್ವಾ, ಅದನ್ನೇ ಇಬ್ಬರೂ ಬರೆದೆವು. ಅವನು ಮಲಯಾಳ ಲಿಪಿಯಲ್ಲಿ, ನಾನು ಕನ್ನಡ ಲಿಪಿಯಲ್ಲಿ. ಅವನಿಗೆ ಮೂರು ಸಲ ಬಾಣದ ಕೀ ಒತ್ತಿದಾಗ ಪದ ಮುಗಿಯಿತು. ನನಗೆ ನಾಲ್ಕು. ಒಂದೇ ಪದ, ಅದೇ ಎಡಿಟರ್, ಅದೇ ವರ್ಷನ್.

ಅಲ್ಲಿಗೆ ಕಾರಣದ ಬಾಲ ಕೈಗೆ ಸಿಕ್ಕಿತು. ಬರಹದಲ್ಲಿ ಒಂದು ಅಕ್ಷರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎನ್ನುವುದಕ್ಕೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರಿನ ಸಂಕೇತ ಗೊತ್ತುಮಾಡುವ ಮಾನದಂಡದಲ್ಲಿ, ನಿಯಮಗಳಿವೆ. 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯಬಾರದು ಎಂಬ ಹೊಸ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ ಅದು ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮ ಎಡಿಟರ್ ಆ ನಿಯಮವನ್ನು ಇದ್ದ ಹಾಗೆ ಪಾಲಿಸುತ್ತಿತ್ತು. ಆ ತಂಡದಲ್ಲಿ ಕನ್ನಡವನ್ನು ಯಾರೂ ಕಡೆಗಣಿಸಿರಲಿಲ್ಲ. ಹಿಂದೆ ಬಂದ ನನ್ನ ಸಿಟ್ಟು ಅವತ್ತು ಇಳಿಯಿತು.

ಹೊಸ ವರದಿ ಹತ್ತೇ ಸಾಲು. ಮೇಲೆ ಎಡಿಟರ್‌ನ ವರ್ಷನ್, ಕಂಪ್ಯೂಟರಿನ ವಿವರ, ಫಾಂಟಿನ ಹೆಸರು. ಕೆಳಗೆ ಒಂದು ಸಾಲಿನ ಫೈಲ್, ಯಾವ ಕೀ ಎಷ್ಟು ಸಲ, ಏನಾಗಬೇಕಿತ್ತು, ಏನಾಯಿತು. ‘ಅಡಕ್ಕ’ದ ಎರಡು ಸ್ಕ್ರೀನ್‌ಶಾಟ್. ಕೊನೆಗೆ, ಬೇರೆ ಬೇರೆ ಭಾಷೆಗೆ ತಕ್ಕಂತೆ ಈ ನಿಯಮವನ್ನು ತಿದ್ದಿಕೊಳ್ಳಲು ಯೂನಿಕೋಡೇ ಅವಕಾಶ ಕೊಟ್ಟಿದೆ ಎಂಬ ಒಂದು ಸಾಲು. ಮೂರನೇ ದಿನಕ್ಕೆ ಉತ್ತರ ಬಂತು: ನಮ್ಮಲ್ಲೂ ಹಾಗೇ ಆಗುತ್ತಿದೆ.

ಜೊತೆಗೆ ಒಂದು ಪ್ರಶ್ನೆಯೂ ಇತ್ತು. ಹಾಗಾದರೆ ಬ್ಯಾಕ್‌ಸ್ಪೇಸ್ ಒತ್ತಿದರೆ ‘ಟ್ಟು’ ಇಡೀ ಅಳಿಸಬೇಕಾ? ನನಗೆ ಇದು ತುಂಬ ಹಿಡಿಸಿತು. ಕನ್ನಡ ಟೈಪ್ ಮಾಡುವ ಕೈಗೇ ಗೊತ್ತಿರುವ ವಿಷಯ ಇದು. ‘ಟ್ಟು’ ಬದಲು ‘ಟ್ಟೂ’ ಬಿದ್ದರೆ ಇಡೀ ಒತ್ತಕ್ಷರವನ್ನು ಮತ್ತೆ ಹೊಡೆಯುವ ತಾಳ್ಮೆ ಯಾರಿಗಿದೆ? ಕೊಂಬು ಮಾತ್ರ ಹೋಗಬೇಕು. ಹಾಗಾಗಿ ಬರೆದೆ: ಬಾಣದ ಕೀ ಅಕ್ಷರದಿಂದ ಅಕ್ಷರಕ್ಕೆ ಹೋಗಲಿ, ಡಿಲೀಟ್ ಇಡೀ ಅಕ್ಷರ ಅಳಿಸಲಿ, ಬ್ಯಾಕ್‌ಸ್ಪೇಸ್ ಮಾತ್ರ ಕೊನೆಯ ಒಂದು ಚಿಹ್ನೆಯನ್ನು ಅಳಿಸಲಿ. ಮಳೆಗಾಲ, ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪ್ ಕಾಯದೆ ಫೋನಿನಲ್ಲೇ ಉತ್ತರ ಬರೆದೆ. ಅವರು ಕೇಳಿದ ದಿನವೇ ಉತ್ತರ ಸಿಕ್ಕರೆ ವಿಷಯ ಅವರ ತಲೆಯಲ್ಲಿ ಬಿಸಿಯಾಗಿರುತ್ತದೆ. ಮೊದಲ ಸಲ ನಾನು ತಪ್ಪಿದ್ದು ಅಲ್ಲೇ.

ಎರಡನೇ ವಿಷಯ ಇನ್ನೂ ನಡೆಯುತ್ತಿದೆ. ಅದು ಹುಡುಕಾಟದ್ದು. ಸುಮಾರು ನಲವತ್ತು ಫೈಲುಗಳಲ್ಲಿ ‘ಮೊತ್ತ’ ಎಂಬುದನ್ನು ಹುಡುಕಿ ‘ಪಾವತಿ’ ಎಂದು ಬದಲಿಸಿದೆ. ಎರಡು ಫೈಲಿನಲ್ಲಿ ‘ಮೊತ್ತ’ ಹಾಗೇ ಉಳಿಯಿತು. ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಒಳಗೆ ನೋಡಿದರೆ ‘ಮೊ’ದ ಒಕಾರ ಒಂದೇ ಚಿಹ್ನೆಯಾಗಿಯೂ ಇರಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆ ಸೇರಿಯೂ ಆಗಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮ. ಒಂದರಲ್ಲಿ ‘ಮೊತ್ತ’ಕ್ಕೆ ಐದು ಸಂಕೇತ, ಇನ್ನೊಂದರಲ್ಲಿ ಆರು. ಆ ಎರಡು ಫೈಲ್ ಬೇರೆ ಕಡೆಯಿಂದ ಬಂದವು, ಅವುಗಳಲ್ಲಿ ಆರು.

ಇದನ್ನು ಬಗ್ ಎಂದೇ ಹಾಕಿದೆ. ಇದು ಬಗ್ ಅಲ್ಲ, ಹುಡುಕಾಟ ಹೀಗೇ ಇರಬೇಕೆಂದು ಮಾಡಿದ್ದು ಎಂದರು. ಯೋಚಿಸಿದಾಗ ಸರಿ ಎನಿಸಿತು. ಪ್ರೋಗ್ರಾಂ ಬರೆಯುವವರಿಗೆ ಒಳಗೆ ಬೇರೆಯಾಗಿರುವುದು ಬೇರೆಯಾಗಿಯೇ ಸಿಗಬೇಕು. ಇಲ್ಲದಿದ್ದರೆ ಇಂಥ ವ್ಯತ್ಯಾಸ ಪತ್ತೆ ಮಾಡುವುದೇ ಕಷ್ಟ. ಹಾಗಾಗಿ ಅದನ್ನು ಹೊಸ ಸೌಲಭ್ಯದ ಕೋರಿಕೆಯಾಗಿ ಮತ್ತೆ ಬರೆದೆ. ಈ ಸಲ ‘ಹುಡುಕಾಟದಲ್ಲಿ ಒಂದು ಬಟನ್ ಇಡಿ’ ಎಂದು ಶುರು ಮಾಡಲಿಲ್ಲ. ನಲವತ್ತು ಫೈಲಿನ ಕಥೆ ಹೇಳಿದೆ. ಯಾವ ಬಟನ್, ಎಲ್ಲಿ ಎನ್ನುವುದು ಅವರಿಗೇ ಚೆನ್ನಾಗಿ ಗೊತ್ತು. ನನ್ನ ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿತು ಎನ್ನುವುದು ನನಗೆ ಮಾತ್ರ ಗೊತ್ತು.

ಎರಡು ಮಾತು ಸೇರಿಸಿದೆ. ತಮಿಳು, ಮಲಯಾಳ, ಬಂಗಾಳಿ ಲಿಪಿಗಳಲ್ಲೂ ಒಕಾರ ಹೀಗೆಯೇ ಎರಡು ತುಂಡಾಗಿ ಇರಬಹುದು, ಅಂದರೆ ಇದು ಕನ್ನಡದವರ ತೊಂದರೆ ಮಾತ್ರ ಅಲ್ಲ. ಇನ್ನೊಂದು, 2016ರಲ್ಲಿ ಬಂದ ಈಮ್ಯಾಕ್ಸ್ 25ರಲ್ಲೇ ಇಂಥ ಸಮಾನ ರೂಪಗಳನ್ನು ಒಟ್ಟಿಗೆ ಹುಡುಕುವ ಸೌಲಭ್ಯ ಇದೆ. ಬೇರೆ ಕಡೆ ಆಗಿದೆ ಎಂದು ತೋರಿಸಿದರೆ, ಆಗುತ್ತದಾ ಎಂಬ ಪ್ರಶ್ನೆ ಏಳುವುದಿಲ್ಲ.

ಹೊಸ ಸೌಲಭ್ಯ ಬೇಕಾದರೆ ಬೆಂಬಲವೂ ಬೇಕು. ವಿಎಸ್ ಕೋಡ್ ತಂಡದ ನಿಯಮವಂತೂ ಸ್ಪಷ್ಟ: ಕೋರಿಕೆಗೆ 60 ದಿನದಲ್ಲಿ 20 ವೋಟ್ ಬಂದರೆ ಅದು ಮುಂದಿನ ಪಟ್ಟಿಗೆ ಹೋಗುತ್ತದೆ, ಬರದಿದ್ದರೆ ಮುಚ್ಚುತ್ತಾರೆ. ನಮ್ಮ ಎಡಿಟರ್‌ನಲ್ಲಿ ಅಷ್ಟು ಬಿಗಿ ಇಲ್ಲ, ಆದರೂ ಎಷ್ಟು ಜನಕ್ಕೆ ಬೇಕು ಎಂದು ನೋಡಿಯೇ ನೋಡುತ್ತಾರೆ. ನಾನು ಕನ್ನಡದಲ್ಲಿ ಕೆಲಸ ಮಾಡುವ ಗೆಳೆಯರಿಗೆ, ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಐಟಿ ಕಲಿಸುವ ಇಬ್ಬರು ಮೇಷ್ಟ್ರಿಗೆ ಹೇಳಿದೆ. ಕಾಞಂಗಾಡಿನ ಗೆಳೆಯ ಅವನ ಬಳಗದವರಿಗೆ ಹೇಳಿದ. ಸುಮ್ನೆ ವೋಟ್ ಒತ್ತಬೇಡಿ, ನಿಮ್ಮ ಫೈಲಿನಲ್ಲಿ ಒಮ್ಮೆ ಹುಡುಕಿ ನೋಡಿ, ನಿಮಗೂ ಹಾಗೇ ಆದರೆ ಮಾತ್ರ ಒತ್ತಿ ಎಂದು ಕೇಳಿಕೊಂಡೆ. ಇದರಲ್ಲಿ ನಾನು ಗಟ್ಟಿ. ಆಗದ ತೊಂದರೆಗೆ ‘ನನಗೂ ಆಗಿದೆ’ ಎಂದರೆ ಆ ತಂಡ ಮುಂದೆ ನಮ್ಮ ಮಾತು ನಂಬುವುದು ಹೇಗೆ?

ಕರ್ಸರ್ ತೊಂದರೆ ಎರಡು ರಿಲೀಸ್ ಆದ ಮೇಲೆ ಸರಿಹೋಯಿತು. ಅಪ್‌ಡೇಟ್ ಆದ ಬೆಳಗ್ಗೆ ಮೊದಲು ಆ ಒಂದು ಸಾಲಿನ ಫೈಲ್ ತೆರೆದು ಎಣಿಸಿದೆ. ಐದು. ಅವರ ಪರೀಕ್ಷೆಯ ಫೈಲುಗಳಲ್ಲಿ ಈಗ ‘ಒಟ್ಟು ಮೊತ್ತ’ವೂ ಇದೆ. ಪ್ರತಿ ಹೊಸ ರಿಲೀಸಿಗೆ ಮೊದಲು ಅದನ್ನೂ ಓಡಿಸಿ ನೋಡುತ್ತಾರೆ. ಅಂಗಡಿಯವರಿಗೆ ಹೇಳಿದೆ, ನಿಮ್ಮ ರಸೀದಿಯ ಪದ ಎಲ್ಲೆಲ್ಲಿಗೋ ಹೋಗಿದೆ ಎಂದು. ತುಂಬ ಖುಷಿಪಟ್ಟರು.

ಹುಡುಕಾಟದ ಕೋರಿಕೆ ಇನ್ನೂ ತೆರೆದೇ ಇದೆ. ಅಲ್ಲಿಯವರೆಗೆ ಫೈಲ್ ಉಳಿಸುವಾಗ ಎಲ್ಲ ಒಕಾರಗಳನ್ನೂ ಒಂದೇ ರೂಪಕ್ಕೆ ತರುವ ಪೈಥಾನ್ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ಒಂದು ಫಂಕ್ಷನ್ ಬಿಟ್ಟರೆ ಬೇರೇನೂ ಇಲ್ಲ.

ಮೊನ್ನೆ ಗೋದಾಮಿನ ಲೇಬಲ್ ಬರೆಯುವಾಗ ‘ರ‍್ಯಾಕ್ ನಂಬರ್’ ಎಂದು ಹೊಡೆದೆ. ಇಲ್ಲಿ ‘ರ’ಕ್ಕೆ ಯ-ಒತ್ತು ಬರಬೇಕು, ಅರ್ಕಾವೊತ್ತು ಆಗಬಾರದು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರಲೇಬೇಕು. ಎಡಿಟರ್ ಅದನ್ನು ಅನುಮಾನದ ಚಿಹ್ನೆ ಎಂದು ಹಳದಿ ಚೌಕದಲ್ಲಿ ತೋರಿಸಿತು. ಕಾಣದ ಚಿಹ್ನೆಗಳಿಂದ ಪ್ರೋಗ್ರಾಂ ಓದುವವರ ಕಣ್ಣು ತಪ್ಪಿಸುವ ‘ಟ್ರೋಜನ್ ಸೋರ್ಸ್’ ದೋಷ 2021ರಲ್ಲಿ ಬಯಲಾದ ಮೇಲೆ ಕಾಣದ ಚಿಹ್ನೆಗಳ ಬಗ್ಗೆ ಎಡಿಟರ್‌ಗಳು ಜಾಸ್ತಿ ಎಚ್ಚರ ವಹಿಸುತ್ತವೆ. ಆ ಎಚ್ಚರ ಬೇಕಾದದ್ದೇ. ಆದರೆ ‘ರ’ ಮತ್ತು ಒತ್ತಿನ ನಡುವೆ ಇದ್ದಾಗ ಅದು ಕನ್ನಡದ ಕಾಗುಣಿತದ ಭಾಗ. ಎಕ್ಸ್‌ಟೆನ್ಶನ್ ಎಲ್ಲ ಆಫ್ ಮಾಡಿ ನೋಡಿದೆ, ಹಳದಿ ಹೋಗಲಿಲ್ಲ. ‘ರ‍್ಯಾಕ್’ ಎಂಬ ಒಂದೇ ಪದದ ಫೈಲ್ ಮಾಡಿಟ್ಟಿದ್ದೇನೆ. ಇವತ್ತು ರಾತ್ರಿ ಕೂತು ಬರೆಯಬೇಕು.