ವಿಜಯಪುರದ ಬೇಸಿಗೆ ಮತ್ತು ನನ್ನ ಪ್ರೊಸೆಸರ್

ಮದುವೆಗಳ ವಿಡಿಯೊ ಸಂಕಲನ ನನ್ನ ಹೊಟ್ಟೆಪಾಡು. ವಿಜಯಪುರದಲ್ಲಿ ಮುಹೂರ್ತಗಳು ಒತ್ತಾಗಿ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 40 ಡಿಗ್ರಿ ದಾಟುವುದೂ ಆಗಲೇ. ನನ್ನ ಕಂಪ್ಯೂಟರ್‌ಗೆ ಬಿಡುವಿಲ್ಲದ ದುಡಿಮೆಯೂ ಸುಡುಬಿಸಿಯೂ ಒಟ್ಟಿಗೇ ಬರುತ್ತವೆ.

ನನ್ನ ಪ್ರೊಸೆಸರ್ ಎಎಂಡಿ ಕಂಪನಿಯ ರೈಜೆನ್ 5 3600. ಆರು ಕೋರ್, ಅಂದರೆ ಲೆಕ್ಕ ಮಾಡುವ ಆರು ಘಟಕಗಳು, ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು (ಥ್ರೆಡ್) ಹನ್ನೆರಡು. ಅದನ್ನು ಓವರ್‌ಕ್ಲಾಕ್ ಮಾಡಿದ್ದು, ಅಂದರೆ ತಾನಾಗಿ ಓಡುವುದಕ್ಕಿಂತ ಹೆಚ್ಚು ವೇಗಕ್ಕೆ ಹಚ್ಚಿದ್ದು, ಒಂದು ಡಿಸೆಂಬರಿನಲ್ಲಿ. ಎಲ್ಲ ಕೋರ್‌ಗಳನ್ನೂ 4.2 ಗಿಗಾಹರ್ಟ್ಸ್‌ಗೆ ನಿಲ್ಲಿಸಿ, 1.325 ವೋಲ್ಟ್ ಕೊಟ್ಟೆ. ಪೆಟ್ಟಿಗೆಯೊಂದಿಗೆ ಬಂದ ಚಿಕ್ಕ ಕೂಲರ್ ಇದಕ್ಕೆ ಸಾಲದೆಂದು 120 ಮಿ.ಮೀ. ಫ್ಯಾನಿನ, ನಾಲ್ಕು ತಾಮ್ರದ ಕೊಳವೆಗಳ ಟವರ್ ಕೂಲರ್ ತಂದೆ. ಹಳೆಯ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದಾಗ ಬಿಸಿ ದಾಟಿಸಲು ನಡುವೆ ಹಚ್ಚಿದ್ದ ಪೇಸ್ಟು ಒಣಗಿ, ಅದಕ್ಕೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬಂತು. ಎಎಂ4 ಎಂಬ ಈ ಬಗೆಯ ಸಾಕೆಟ್‌ನ ಪ್ರೊಸೆಸರ್‌ನ ಅಡಿಯಲ್ಲಿ 1,331 ಪಿನ್‌ಗಳಿವೆ. ಅವುಗಳಲ್ಲಿ ಎರಡು ಬಾಗಿದ್ದವು. ತೆಳುವಾದ ಬ್ಲೇಡಿನ ಅಂಚಿನಿಂದ ಅವನ್ನು ನೆಟ್ಟಗೆ ಮಾಡುವಾಗ ಉಸಿರು ಬಿಗಿಹಿಡಿದಿದ್ದೆ. ದಯವಿಟ್ಟು ಇದೊಂದನ್ನು ನೆನಪಿಡಿ: ಕೂಲರ್ ತೆಗೆಯುವ ಮೊದಲು ಹತ್ತು ನಿಮಿಷ ಯಂತ್ರವನ್ನು ದುಡಿಸಿ ಪೇಸ್ಟನ್ನು ಮೆತ್ತಗಾಗಿಸಿ, ವಿದ್ಯುತ್ ತಂತಿ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಗಿಸಿ ಸಡಿಲಿಸಬೇಕು.

ಆ ಚಳಿಗಾಲದಲ್ಲಿ ಕೋಣೆ 23 ಡಿಗ್ರಿ ಇದ್ದಾಗ ಪೂರ್ಣ ಹೊರೆಯಲ್ಲಿ ಪ್ರೊಸೆಸರ್ 72ಕ್ಕೆ ನಿಂತಿತು. ಎಎಂಡಿ ಹೇಳುವ ಗರಿಷ್ಠ ಮಿತಿ 95. ಇನ್ನೂ ಬೇಕಾದಷ್ಟು ಅವಕಾಶವಿದೆ ಎಂದು ನೆಮ್ಮದಿಯಿಂದಿದ್ದೆ.

ಏಪ್ರಿಲ್‌ನಲ್ಲಿ ಒಂದು ಮದುವೆಯ ಕೆಲಸ ಮೂರನೇ ಗಂಟೆಯಲ್ಲಿರುವಾಗ ಯಂತ್ರ ತಾನಾಗಿಯೇ ಮರುಚಾಲನೆಯಾಯಿತು. ಮರುದಿನ ಮತ್ತೆ ಹಾಗೆಯೇ. ಪ್ರೊಸೆಸರ್‌ನ ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶ ತೆರೆದು ನೋಡುತ್ತಾ ಕುಳಿತೆ: 88, 89. ಕೋಣೆಯ ಗೋಡೆಗೆ ತೂಗುಹಾಕಿದ್ದ ತಾಪಮಾಪಕದಲ್ಲಿ 39. ಎರಡನ್ನೂ ಕಾಗದದ ಮೇಲೆ ಅಕ್ಕಪಕ್ಕ ಬರೆದಾಗಲೇ ವಿಷಯ ಹೊಳೆದದ್ದು. ಡಿಸೆಂಬರಿನಲ್ಲಿ 72ರಿಂದ 23 ಕಳೆದರೆ 49, ಏಪ್ರಿಲ್‌ನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಕೂಲರ್ ಕೆಟ್ಟಿರಲಿಲ್ಲ, ಪೇಸ್ಟೂ ಒಣಗಿರಲಿಲ್ಲ. ಕೋಣೆಯ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಹಿಡಿದು ನಿಲ್ಲಿಸುವುದಷ್ಟೇ ಗಾಳಿಯ ಕೂಲರ್‌ನ ಕೈಯಲ್ಲಿರುವುದು. ಕೋಣೆ ಎಷ್ಟು ಏರುತ್ತದೆಯೋ ಪ್ರೊಸೆಸರೂ ಅಷ್ಟೇ ಏರುತ್ತದೆ. ಇನ್ನೊಂದು ಮಾತು, ಬಿಸಿಯಾದಷ್ಟೂ ಅದೇ ವೇಗಕ್ಕೆ ಅದೇ ವೋಲ್ಟೇಜ್ ಸಾಲದಾಗುತ್ತದೆ. 72 ಡಿಗ್ರಿಯಲ್ಲಿ ಗಟ್ಟಿಯಾಗಿದ್ದ ಹೊಂದಾಣಿಕೆ 89ರಲ್ಲಿ ಮುರಿದುಬೀಳಬಹುದು. ನನ್ನದು ಮುರಿದದ್ದು ಹಾಗೆಯೇ.

ಹಾಗಾದರೆ ವೋಲ್ಟೇಜ್ ಏರಿಸಬಹುದಿತ್ತಲ್ಲ ಎಂದು ಕೇಳಬಹುದು. ಅದು ಉರಿಯುವ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಂತೆ. ಪ್ರೊಸೆಸರ್ ಉಣ್ಣುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರಿದರೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಅದಕ್ಕಿಂತ ಜೋರಾಗಿ ಏರುತ್ತದೆ. ಇದನ್ನೇ ಹಿಮ್ಮುಖವಾಗಿ ಹಿಡಿದೆ. 4.1 ಗಿಗಾಹರ್ಟ್ಸ್‌ಗೆ ಇಳಿದು, ವೋಲ್ಟೇಜನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಇಳಿಸುತ್ತಾ, ಪ್ರತಿ ಹೆಜ್ಜೆಗೂ ಪೂರ್ಣ ಹೊರೆ ಹೊರಿಸಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶ ಓಡಿಸುತ್ತಾ ಮೂರು ದಿನ ಕಳೆದೆ. ಕೊನೆಗೆ 1.225ರಲ್ಲಿ ನಿಂತೆ. ಲೆಕ್ಕ ಹಾಕಿದರೆ ವೇಗದಲ್ಲಿ ಕಳೆದುಕೊಂಡದ್ದು ಶೇ 2.4, ಬಿಸಿಯಲ್ಲಿ ಉಳಿಸಿದ್ದು ಸುಮಾರು ಶೇ 17. ಪೂರ್ಣ ಹೊರೆಯಲ್ಲಿ 89 ತೋರಿಸುತ್ತಿದ್ದುದು ಈಗ 80. ಹೆಚ್ಚು ಬೆಲೆಯ ಕೂಲರ್ ಕೊಳ್ಳುವ ಮೊದಲು ಪ್ರತಿಯೊಬ್ಬರೂ ಮಾಡಲೇಬೇಕಾದ ಕೆಲಸ ಇದು ಎಂದು ನಾನು ನಂಬಿದ್ದೇನೆ. ಪರೀಕ್ಷೆಯನ್ನು ಐದು ನಿಮಿಷಕ್ಕೆ ನಿಲ್ಲಿಸಬೇಡಿ. ಕ್ಯಾಬಿನೆಟ್ ಒಳಗಿನ ಗಾಳಿ ಪೂರ್ತಿ ಕಾಯಲು ನನ್ನ ಯಂತ್ರದಲ್ಲಿ ಇಪ್ಪತ್ತು ನಿಮಿಷ ಬೇಕಾಗುತ್ತದೆ.

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ನೋಡಿದೆ. ಇನ್ನೂ ಐದು ಡಿಗ್ರಿ ಇಳಿಯಿತು. ಮುಂಭಾಗದ ಗಾಜು ಗಾಳಿಗೆ ಅಡ್ಡವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಗಾಜು ತೆಗೆದು ಅಲ್ಲಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿದೆ.

ಉಳಿದದ್ದು ಕೋಣೆ. ನನ್ನ ಕೆಲಸದ ಜಾಗ ಆರ್‌ಸಿಸಿ ಛಾವಣಿಯ ಮೇಲಂತಸ್ತಿನಲ್ಲಿತ್ತು. ಆ ಛಾವಣಿ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಹತ್ತರವರೆಗೂ ಕೆಳಗೆ ಸುರಿಯುತ್ತದೆ. ಕೆಳಗಿನದು ಅಜ್ಜನ ಕಾಲದ ಮನೆ: ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಅವ್ವ ಎಷ್ಟೋ ಸಲ "ಮಧ್ಯಾಹ್ನವಾದರೂ ಕೆಳಗೆ ಬಂದು ಕುಳಿತುಕೊಳ್ಳಪ್ಪಾ" ಎಂದಿದ್ದಳು. ತಾಪಮಾಪಕವನ್ನು ಪಡಸಾಲೆಗೆ ಒಯ್ದು ನೋಡಿದರೆ ಮೇಲೆ 39 ಇದ್ದ ಹೊತ್ತಿನಲ್ಲಿ ಅಲ್ಲಿ 33. ಅಂದೇ ಮೇಜನ್ನು ಕೆಳಗಿಳಿಸಿದೆ. ಯಾವ ಕೂಲರ್ ಕೊಂಡರೂ ಆರು ಡಿಗ್ರಿ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ಮಾಳಿಗೆಯಿಂದ ಮಣ್ಣು ಉದುರುತ್ತದೆ, ಅದು ನಿಜ. ಅದಕ್ಕೆ ಮೇಜಿನ ಮೇಲೆ ಬಟ್ಟೆಯ ಮೇಲ್ಕಟ್ಟು ಕಟ್ಟಿದ್ದೇನೆ, ಸೊಳ್ಳೆಪರದೆಯನ್ನು ವಾರಕ್ಕೊಮ್ಮೆ ಕೊಡವುತ್ತೇನೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳುತ್ತೇನೆ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ನೀರಿನ ಏರ್ ಕೂಲರ್ ನಮ್ಮ ಒಣ ಬೇಸಿಗೆಗೆ ಹೇಳಿ ಮಾಡಿಸಿದ್ದು, ಕೋಣೆಗೆ ಬಳಸುತ್ತೇನೆ. ಆದರೆ ತೇವ ಒಳಸೇರದಿರಲೆಂದು ಅದರ ಮುಖ ಯಂತ್ರದ ಕಡೆಗಿರುವುದಿಲ್ಲ, ಕಿಟಕಿಯೂ ತೆರೆದೇ ಇರುತ್ತದೆ.

ಉದ್ದದ ರೆಂಡರ್‌ಗಳನ್ನು, ಅಂದರೆ ಸಂಕಲನ ಮುಗಿದದ್ದನ್ನು ಅಂತಿಮ ವಿಡಿಯೊ ಮಾಡುವ ಕೆಲಸವನ್ನು, ಈಗ ರಾತ್ರಿ ಎರಡರ ನಂತರ ಶುರುವಾಗುವಂತೆ ಹಚ್ಚಿ ಮಲಗುತ್ತೇನೆ. ಬೆಳಗಿನ ಆರಕ್ಕೆ ಅವ್ವ ಅಂಗಳಕ್ಕೆ ನೀರು ಹಾಕುವ ಹೊತ್ತಿಗೆ ಎದ್ದು ದಾಖಲೆ ನೋಡಿದರೆ, ಕಳೆದ ಮೇ ತಿಂಗಳಿಡೀ 74 ದಾಟಿದ ರಾತ್ರಿ ಒಂದೂ ಇಲ್ಲ. ಡಿಸೆಂಬರ್ ಬಂದಾಗ 4.2ಕ್ಕೆ ಏರಿಸುತ್ತೇನೆ, ಶಿವರಾತ್ರಿ ಕಳೆದ ಕೂಡಲೇ ಮತ್ತೆ 4.1ಕ್ಕೆ ಇಳಿಸುತ್ತೇನೆ. ಯಂತ್ರದ ಮೂಲ ಹೊಂದಾಣಿಕೆಗಳಿರುವ ಬಯಾಸ್‌ನಲ್ಲಿ ಎರಡು ಪ್ರೊಫೈಲ್‌ಗಳಿವೆ. ಒಂದರ ಹೆಸರು ಚಳಿ, ಇನ್ನೊಂದರದು ಬಿಸಿಲು.