ಒಂಬತ್ತು ಕಿಲೋ ಇಳಿಸಿದ್ದು ಹೇಗೆ: ನನ್ನ ಅನುಭವ

ಶಾಲೆಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತು ಕಂಬಿ ಹಿಡಿದುಕೊಂಡೆ. ಮೊಣಕಾಲು ಎಳೆಯುತ್ತಿತ್ತು, ಉಸಿರು ಮೇಲಕ್ಕೆ ಬಂದಿತ್ತು. ಹಿಂದೆ ಬರುತ್ತಿದ್ದ ಹುಡುಗಿ "ಅಕ್ಕೋರೆ, ಚೀಲ ಕೊಡಿ, ನಾನು ತರ್ತೆ" ಅಂದಳು. ಆಗ ನನಗೆ 43 ವರ್ಷ, ತೂಕ 78 ಕಿಲೋ, ಸೊಂಟದ ಸುತ್ತಳತೆ 98 ಸೆಂಟಿಮೀಟರ್. ನಮ್ಮ ಹೆಂಗಸರಿಗೆ ಸೊಂಟ 80ರ ಒಳಗಿದ್ದರೆ ಒಳ್ಳೆಯದು ಎಂದರು ಡಾಕ್ಟರು. ಸಕ್ಕರೆಯೂ ಗಡಿಯಲ್ಲಿತ್ತು. ಅಮ್ಮ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ನೋಡುತ್ತ ಬಂದವಳು ನಾನು. ಭಯವಾಯಿತು.

ಮನೆ ಕಾರವಾರದ ಕೋಡಿಬಾಗದ ಕಡೆ. ಮರುದಿನವೇ ಟಾಗೋರ್ ಕಡಲತೀರಕ್ಕೆ ಹೋಗಿ, ಬರಿಗಾಲಲ್ಲಿ ಒಣ ಮರಳಿನ ಮೇಲೆ ಓಡಿದೆ. ದೊಡ್ಡ ತಪ್ಪು. ಸಡಿಲ ಮರಳಿನಲ್ಲಿ ಕಾಲು ಹುಗಿಯುತ್ತದೆ, ಪ್ರತಿ ಹೆಜ್ಜೆಗೂ ಅದನ್ನು ಕಿತ್ತು ಎತ್ತಬೇಕು. ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟು ಜಾಸ್ತಿಯೇ ಶಕ್ತಿ ಬೇಕು. ರೂಢಿ ಇಲ್ಲದ ಮೀನಖಂಡ ಹಿಡಿದುಕೊಂಡಿತು. ಹತ್ತು ದಿನ ಮನೆಯಲ್ಲೇ ಕೂತೆ.

ಆಮೇಲೆ ಒದ್ದೆ ಮರಳಿಗೆ ಬಂದೆ. ನೀರು ಇಳಿದಾಗ ಅಂಚಿನಲ್ಲಿ ಮರಳು ಗಟ್ಟಿಯಾಗಿರುತ್ತದೆ, ನಡೆಯಲು ಸುಖ. ಆದರೆ ಸಮುದ್ರಕ್ಕೆ ನಮ್ಮ ಗಡಿಯಾರ ಗೊತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಗಿನ ಜಾವ ನೀರು ದೂರ ಹೋಗಿರುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಒಂದು ವಾರ ಕಳೆದರೆ ಅದೇ ಹೊತ್ತಿಗೆ ಭರತ. ಅಂಥ ದಿನ ರಸ್ತೆಯ ಬದಿಯಲ್ಲಿ, ಶೂ ಹಾಕಿಕೊಂಡು ನಡೆದೆ. ಯುದ್ಧನೌಕೆ ಮ್ಯೂಸಿಯಂ ದಾಟಿ ಹೋಗಿ ಬಂದರೆ ಮುಕ್ಕಾಲು ಗಂಟೆ. ಮಾತಾಡಬಹುದು, ಆದರೆ ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಇಳಿದದ್ದು ಒಂದೂವರೆ ಕಿಲೋ. ತೂಕದ ಯಂತ್ರದ ಮೇಲೆ ನಿಂತು ಅತ್ತಿದ್ದೇನೆ.

ಆಗ ಒಂದು ವಾರ, ತಿಂದದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದೆ. ಕಾರಣ ಅಲ್ಲೇ ಇತ್ತು. ನನ್ನ ತೂಕಕ್ಕೆ ಒಂದು ಗಂಟೆ ಬಿರುಸಾಗಿ ನಡೆದರೂ ಕರಗುವುದು ಹೆಚ್ಚೆಂದರೆ 300 ಕ್ಯಾಲೊರಿ ಆಸುಪಾಸು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ನಾನೋ ನಡೆದು ಬಂದ ಹಸಿವಿಗೆ ಎರಡು ಬನ್ಸ್, ಸಕ್ಕರೆ ಹಾಕಿದ ಚಹಾ ಮುಗಿಸುತ್ತಿದ್ದೆ. ನಡೆದದ್ದೆಲ್ಲ ಅಲ್ಲಿಗೆ ವಾಪಸ್ಸು ಬಂತು, ಅಲ್ವಾ? ಮಧ್ಯಾಹ್ನ ಮೀನು ಸಾರಿನ ರುಚಿಗೆ ಕುಸುಬಲಕ್ಕಿ ಅನ್ನ ಮೂರು ಸಲ. ಮೀನು ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಅನ್ನವನ್ನು ಒಂದೇ ಸೌಟಿಗೆ ಇಳಿಸಿ, ಬಂಗಡೆ ಒಂದು ಜಾಸ್ತಿ ಹಾಕಿಕೊಂಡೆ, ಪಕ್ಕಕ್ಕೆ ಬಸಳೆಯೋ ಹರಿವೆಯೋ. ಕರಿದದ್ದು ಭಾನುವಾರ ಮಾತ್ರ. ಅತ್ತೆ ಮೊದಲು "ಇಷ್ಟೇ ಉಂಡ್ರೆ ಹೇಗೆ ಮಗಾ?" ಎಂದು ಬೇಜಾರು ಮಾಡಿಕೊಂಡರು. ಆಮೇಲೆ ಅವರೇ ನನ್ನ ತಟ್ಟೆಗೆ ಸೌಟು ಅಳೆದು ಬಡಿಸತೊಡಗಿದರು. ಅವರು ಜೊತೆಗೆ ನಿಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಜೂನ್ ಬಂತು. ನಮ್ಮ ಕಡೆ ಮಳೆ ಹಿಡಿದರೆ ಕಡಲತೀರದ ಮಾತೇ ಇಲ್ಲ. ಮನೆಯೊಳಗೆ ಕುರ್ಚಿಯಿಂದ ಏಳು, ಕೂರು, ಹನ್ನೆರಡು ಸಲ, ಮೂರು ಸುತ್ತು. ಗೋಡೆಗೆ ಕೈಯೂರಿ ದಂಡ. ಎರಡೂ ಕೈಯಲ್ಲಿ ನೀರು ತುಂಬಿದ ಐದು ಲೀಟರ್ ಕ್ಯಾನ್ ಹಿಡಿದು ಜಗಲಿಯ ಉದ್ದಕ್ಕೂ ನಡಿಗೆ. ವಾರಕ್ಕೆ ಮೂರು ದಿನ ಇದು. ನಾನು ಸುಮ್ನೆ ಮಳೆಗಾಲ ಕಳೆಯಲು ಹಿಡಿದ ದಾರಿ, ಆದರೆ ಮೊಣಕಾಲಿನ ನೋವು ಕಡಿಮೆಯಾದದ್ದು ಇದರಿಂದಲೇ. ತೊಡೆಗೆ ಬಲ ಬಂದಾಗ ಮಂಡಿಯ ಭಾರ ಅದು ಹಂಚಿಕೊಳ್ಳುತ್ತದೆ. ಊಟ ಕಡಿಮೆ ಮಾಡುವವರು ಸ್ನಾಯುವನ್ನೂ ಕಳೆದುಕೊಳ್ಳುತ್ತಾರೆ, ಅದನ್ನು ಉಳಿಸಲೂ ಇಂಥ ವ್ಯಾಯಾಮ ಬೇಕು. ಬರೀ ನಡಿಗೆ ಸಾಕು ಅನ್ನುವ ನನ್ನ ಗೆಳತಿಯರಿಗೆ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಚೌತಿಯಲ್ಲಿ ಎರಡು ಕಿಲೋ ಏರಿತು. ಮೋದಕ, ಕರ್ಜಿಕಾಯಿ ಯಾರು ಬಿಡುತ್ತಾರೆ? ಹಬ್ಬ ಮುಗಿದ ಮರುದಿನ ಕ್ಯಾನ್ ಎತ್ತಿಕೊಂಡೆ. ಒಂದು ತಿಂಗಳಲ್ಲಿ ಮೊದಲಿನಷ್ಟಾಯಿತು.

ಒಟ್ಟು 14 ತಿಂಗಳಲ್ಲಿ 69 ಕಿಲೋಗೆ ಬಂದೆ, ಸೊಂಟ 88. ಇನ್ನೂ ಇಳಿಯಬೇಕು. ಸಕ್ಕರೆ ಗಡಿಯಿಂದ ಒಳಗೆ ಬಂದಿದೆ. ಶಾಲೆಯ ಚೀಲ ಈಗ ನಾನೇ ಹೊರುತ್ತೇನೆ, ಕಂಬಿ ಹಿಡಿಯದೆ. ಈ ವಾರ ಬೆಳಿಗ್ಗೆ ಭರತ, ಹಾಗಾಗಿ ರಸ್ತೆಯಲ್ಲಿ ನಡಿಗೆ. ಅತ್ತೆಯೂ ಮೊನ್ನೆಯಿಂದ ಜೊತೆಗೆ ಬರುತ್ತಿದ್ದಾರೆ, ಮೊದಲ ಬೆಂಚಿನವರೆಗೆ.